ಮರದ ಡೆಕ್‌ನ ಹಳೇ ಸ್ಟೇನ್ ಬಿಡಿಸುವುದು: ಮಳೆ ಹಿಡಿಯುವ ಮುಂಚಿನ ಕೆಲಸ

ಮಳೆ ಹಿಡಿದ ಎರಡು ಮೂರು ವಾರಕ್ಕೇ ಡೆಕ್‌ನ (ಮನೆಯ ಹೊರಗೆ ಬಯಲಲ್ಲಿ ಹಾಸಿದ ಹಲಗೆ ನೆಲದ) ಬಣ್ಣ ಹಪ್ಪಳದಂತೆ ಉಬ್ಬಿ ಏಳುವುದು ಕೊಡಗಿನಲ್ಲಿ ಹೊಸದೇನಲ್ಲ. ಉಗುರು ಹಾಕಿ ಎತ್ತಿದರೆ ಬಿಲ್ಲೆ ಬಿಲ್ಲೆಯಾಗಿ ಕೈಗೆ ಬರುತ್ತದೆ. ಆ ಬಿಲ್ಲೆಯನ್ನು ಒಮ್ಮೆ ತಿರುವಿ ನೋಡಿ. ಮೇಲೆ ಹೋದ ವರ್ಷದ ಬಣ್ಣ, ಅದರ ಬೆನ್ನಿಗೆ ಹಳೇ ಬಣ್ಣದ ತೆಳು ಪದರ, ಅದಕ್ಕೂ ಕೆಳಗೆ ಬೂದಿಬಣ್ಣದ ಮರದ ನಾರು ಅಂಟಿಕೊಂಡಿರುತ್ತದೆ. ಹೊಸ ಬಣ್ಣ ತನ್ನ ಕೆಲಸ ಮಾಡಿದೆ, ಹಿಡಿದುಕೊಂಡೇ ಇದೆ. ಅದು ಹಿಡಿದುಕೊಂಡಿದ್ದ ಹಳೇ ಪದರವೇ ಮರದಿಂದ ಕಳಚಿಕೊಂಡಿದೆ. ಬಿಸಿಲಿಗೆ ಬೆಂದು ಸತ್ತ ನಾರಿನ ಮೇಲೆ ಎಷ್ಟು ಬೆಲೆಯ ಸ್ಟೇನ್ (ಮರಕ್ಕೆ ಹಚ್ಚುವ ಬಣ್ಣ) ಹಚ್ಚಿದರೂ ಗತಿ ಇದೇ. ಆದ್ದರಿಂದ ಯಾವ ಕಂಪನಿಯ ಸ್ಟೇನ್ ಒಳ್ಳೆಯದು ಎಂದು ಕೇಳುವ ಮೊದಲು ಈಗ ಮೇಲಿರುವುದು ಏನು, ಅದನ್ನು ಹೇಗೆ ಬಿಡಿಸಬೇಕು ಎಂಬುದನ್ನು ತೀರ್ಮಾನಿಸಬೇಕು.

ಮೊದಲು ಕಾಲದ ಲೆಕ್ಕ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ, ಭಾಗಮಂಡಲದ ಕಡೆ ಇನ್ನೂ ಜಾಸ್ತಿ. ಕುಶಾಲನಗರದಲ್ಲಿ ಮಡಿಕೇರಿಯ ಅರ್ಧವೂ ಇಲ್ಲ. ಹಾಗಾಗಿ ಕುಶಾಲನಗರದವರು ಏಪ್ರಿಲ್‌ನಲ್ಲಿ ಮಾಡಿ ಮುಗಿಸಿದ ಕೆಲಸವನ್ನು ನಾಪೋಕ್ಲು, ಭಾಗಮಂಡಲದ ಕಡೆಯವರು ಹಾಗೆಯೇ ಅನುಸರಿಸಲು ಹೋಗಬಾರದು. ಜನವರಿ ಕೊನೆಯಿಂದ ಮಾರ್ಚ್ ಮಧ್ಯದವರೆಗಿನ ಆರು ವಾರ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹೊತ್ತು. ಅದಕ್ಕೆ ಮುಂಚೆ ಮಂಜು ಬೀಳುತ್ತದೆ, ಬೆಳಿಗ್ಗೆ ಹತ್ತರವರೆಗೂ ಹಲಗೆ ಒದ್ದೆ. ಆಮೇಲೆ ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬರುತ್ತದೆಂದು ಹೇಳಲಾಗದು. ಕಾಫಿ ಕೊಯ್ಲು ಕೂಡ ಇದೇ ಹೊತ್ತಿಗೆ ಬಂದು ಕೂರುವುದರಿಂದ ಆಳುಗಳು ಸಿಗುವುದು ಕಷ್ಟ. 200 ಚದರಡಿಯ ಡೆಕ್‌ಗೆ ಇಬ್ಬರು ಸೇರಿದರೆ ಬಿಡಿಸಲು ಎರಡು ದಿನ, ಒಣಗಲು ನಾಲ್ಕೈದು ದಿನ, ಉಜ್ಜಲು ಒಂದು ದಿನ ಹಿಡಿಯುತ್ತದೆ ಎಂದು ಲೆಕ್ಕ ಹಾಕಿಕೊಳ್ಳಿ. ರೊಬಸ್ಟಾ ತೋಟದ ಪಕ್ಕದ ಡೆಕ್ ಆದರೆ ಹೂವಿಗೆ ಸ್ಪ್ರಿಂಕ್ಲರ್ ಹಾಕುವ ದಿನಗಳನ್ನೂ ಕೇಳಿಟ್ಟುಕೊಳ್ಳಿ. ಮೂರು ದಿನ ಒಣಗಿದ ಹಲಗೆ ಸ್ಪ್ರಿಂಕ್ಲರ್‌ನ ಒಂದು ಸುತ್ತಿಗೆ ಮತ್ತೆ ನೆನೆದುಹೋಗುತ್ತದೆ.

ಬಣ್ಣಕ್ಕೆ ಕೈ ಹಾಕುವ ಮೊದಲು ಮರವನ್ನು ನೋಡಿ. ಚೂಪಾದ ಸ್ಕ್ರೂಡ್ರೈವರ್ ಹಿಡಿದು ಹಲಗೆಯ ತುದಿ, ಸ್ಕ್ರೂ ಸುತ್ತಮುತ್ತ, ಹಲಗೆ ಜಂತಿಯ ಮೇಲೆ ಕೂರುವ ಜಾಗ, ಇಷ್ಟನ್ನು ಚುಚ್ಚಿ. ಗಟ್ಟಿ ಮರ ಕಟ್ ಎನ್ನುತ್ತದೆ, ಕುಂಬಾದ ಮರ ಸದ್ದಿಲ್ಲದೆ ಒಳಗೆ ಬಿಟ್ಟುಕೊಳ್ಳುತ್ತದೆ. ಅರ್ಧ ಇಂಚು ಒಳಗೆ ಹೋದರೆ ಆ ಹಲಗೆಯನ್ನು ಬದಲಿಸಿ, ಅದರ ಬಣ್ಣ ಬಿಡಿಸುವುದು ದಂಡ. ಹಲಗೆಗಳ ಸಂದಿಯಲ್ಲಿ ಸಿಲ್ವರ್ ಓಕ್ ಎಲೆ ಕೊಳೆತು ತುಂಬಿರುತ್ತದೆ. ಹಳೇ ಹ್ಯಾಕ್‌ಸಾ ಬ್ಲೇಡಿನಿಂದ ಎಲ್ಲವನ್ನೂ ಕೆದಕಿ ತೆಗೆಯಿರಿ. ಅದು ಅಲ್ಲೇ ಉಳಿದರೆ ನೀವು ಹಾಕುವ ದ್ರಾವಣವನ್ನೆಲ್ಲ ಸ್ಪಂಜಿನಂತೆ ಹೀರಿ, ವಾರವಾದರೂ ಸಂದಿಯನ್ನು ಒಣಗಲು ಬಿಡುವುದಿಲ್ಲ.

ಈಗ ಮೇಲಿರುವುದು ಏನೆಂದು ಕಂಡುಹಿಡಿಯುವ ಮಾತು. ಐದು ನಿಮಿಷದ ಕೆಲಸ ಇದು, ಆದರೆ ಇದನ್ನು ಬಿಟ್ಟವರೇ ಹೆಚ್ಚು. ಮೂಲೆಯಲ್ಲೊಂದು ಹಲಗೆ ಆರಿಸಿ ಪುಟ್ಟಿ ಬ್ಲೇಡಿನಿಂದ ಹೆರೆಯಿರಿ. ಸುರುಳಿಯಾಗಿ ಅಥವಾ ಚೂರಾಗಿ ಎದ್ದರೆ ಅದು ಮೇಲೆ ಪದರ ಕಟ್ಟುವ ಜಾತಿ: ವಾರ್ನಿಷ್, ಪಿಯು (ಪಾಲಿಯುರೆಥೇನ್), ಅಕ್ರಿಲಿಕ್ ಸ್ಟೇನ್ ಅಥವಾ ಎನಾಮಲ್. ಬಣ್ಣದ ಮರದ ಪುಡಿ ಮಾತ್ರ ಬಂದರೆ ಅದು ಮರದೊಳಗೆ ಇಳಿದ ಎಣ್ಣೆ ಸ್ಟೇನ್. ಇನ್ನು ಪದರ ಯಾವುದೆಂದು ತಿಳಿಯಲು ಬಟ್ಟೆಗೆ ಪಾಲಿಶ್ ಸ್ಪಿರಿಟ್ ಹಾಕಿ ಒಂದೆರಡು ನಿಮಿಷ ಒತ್ತಿ ಹಿಡಿಯಿರಿ. ಪೂರ್ತಿ ಕರಗಿ ಬಟ್ಟೆಗೆ ಬಂದರೆ ಅರಗಿನ ಫ್ರೆಂಚ್ ಪಾಲಿಶ್, ಅದು ಬಯಲಲ್ಲಿ ಇರಲೇಬಾರದಿತ್ತು. ಮೆತ್ತಗಾಗಿ ಅಂಟಂಟಾದರೆ ನೀರಿನ ಅಕ್ರಿಲಿಕ್. ಏನೂ ಆಗದಿದ್ದರೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಥಿನ್ನರ್ ಹಾಕಿ ನೋಡಿ. ಅದಕ್ಕೆ ಕರಗಿದರೆ ಎನ್‌ಸಿ ಲ್ಯಾಕರ್, ಸುಕ್ಕುಗಟ್ಟಿ ಎದ್ದರೆ ಎಣ್ಣೆ ವಾರ್ನಿಷ್ ಅಥವಾ ಎನಾಮಲ್. ಥಿನ್ನರ್‌ಗೂ ಜಗ್ಗದೆ ಹೊಳೆಯುತ್ತಾ ಕೂತರೆ ಎರಡು ಡಬ್ಬಿ ಬೆರೆಸಿ ಹಚ್ಚುವ ಪಿಯು ಎಂದೇ ತಿಳಿಯಿರಿ.

ಕೊಡಗಿನ ಡೆಕ್, ಗೇಟು, ಕೊಟ್ಟಿಗೆಗಳ ಮೇಲೆ ಸಿಗುವ ಇನ್ನೊಂದು ವಸ್ತು ಇದೆ: ಹಳೇ ಇಂಜಿನ್ ಆಯಿಲ್. ಗೆದ್ದಲಿಗೆ ಒಳ್ಳೆಯದು, ಪುಕ್ಕಟೆ ಸಿಗುತ್ತದೆ ಎಂದು ಜೀಪಿನಿಂದ ಇಳಿಸಿದ ಕಪ್ಪೆಣ್ಣೆಯನ್ನು ಬಳಿದಿರುತ್ತಾರೆ. ಇದು ಬಹಳ ಕೆಡುಕು. ಎಣ್ಣೆ ಸ್ಟೇನ್‌ಗೆ ಬಳಸುವ ಅಗಸೆ ಎಣ್ಣೆ ಗಾಳಿಗೆ ಗಟ್ಟಿಯಾಗುತ್ತದೆ, ಕಾಸ್ಟಿಕ್ ಸೋಡ ತಾಗಿದರೆ ಸೋಪಾಗಿ ನೀರಲ್ಲಿ ಹೋಗುತ್ತದೆ. ಇಂಜಿನ್ ಆಯಿಲ್ ಖನಿಜ ತೈಲ. ಅದು ಒಣಗುವುದೂ ಇಲ್ಲ, ಸೋಪಾಗುವುದೂ ಇಲ್ಲ. ಮೇಲೆ ಏನು ಹಚ್ಚಿದರೂ ಬಿಸಿಲಿಗೆ ಎಣ್ಣೆ ಒಸರಿ ಹೊಸ ಸ್ಟೇನನ್ನು ತಳ್ಳುತ್ತದೆ. ಮಿನರಲ್ ಟರ್ಪೆಂಟೈನ್ ಸುರಿದು ಉಜ್ಜಿ, ಮೇಲೆ ದಪ್ಪಗೆ ಮರದ ಹೊಟ್ಟು ಹರಡಿ, ರಾತ್ರಿ ಕಳೆದ ಮೇಲೆ ಗುಡಿಸಿ ತೆಗೆಯಬೇಕು. ಮೂರು ನಾಲ್ಕು ಸಲ ಹೀಗೆ ಮಾಡಿದ ಮೇಲೂ ಬಿಳಿ ಕಾಗದ ಒತ್ತಿ ಬಿಸಿಲಿಗೆ ಬಿಟ್ಟರೆ ಎಣ್ಣೆಯ ಗುರುತು ಮೂಡಿದರೆ ಆ ಹಲಗೆಯನ್ನು ಕೀಸುವುದೊಂದೇ ದಾರಿ. ಅಂಥ ಹಲಗೆಗೆ ಸ್ಟೇನ್ ಹಚ್ಚಿ ದುಡ್ಡು ಕಳೆಯಬೇಡಿ.

ಎಣ್ಣೆ ಸ್ಟೇನ್ ಮತ್ತು ಎಣ್ಣೆ ವಾರ್ನಿಷ್‌ಗೆ ಕಾಸ್ಟಿಕ್ ಸೋಡವೇ ಸರಿಯಾದ ಮದ್ದು. ಕೆಲಸ ಹೀಗೆ ಸಾಗಲಿ. ತೇಗ, ಮತ್ತಿ, ಹೊನ್ನೆಯಂಥ ಗಟ್ಟಿ ಮರಕ್ಕೆ ಲೀಟರ್ ನೀರಿಗೆ 40 ಗ್ರಾಂ ಕಾಸ್ಟಿಕ್ ಫ್ಲೇಕ್ಸ್, ಪೈನ್ ಅಥವಾ ಸಿಲ್ವರ್ ಓಕ್ ಆದರೆ 25 ಗ್ರಾಂ ಸಾಕು. ಪ್ಲಾಸ್ಟಿಕ್ ಬಕೆಟ್‌ನಲ್ಲಿ ತಣ್ಣೀರು ತುಂಬಿ, ಅದಕ್ಕೆ ಫ್ಲೇಕ್ಸನ್ನು ಸ್ವಲ್ಪ ಸ್ವಲ್ಪವೇ ಉದುರಿಸುತ್ತಾ ಕೋಲಿನಿಂದ ಕದಡಿ. ಕಾಸ್ಟಿಕ್ ಮೇಲೆ ನೀರು ಸುರಿದರೆ ಒಮ್ಮೆಲೇ ಕುದಿದು ಮುಖಕ್ಕೆ ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ. ಕಾಸ್ಟಿಕ್ ಅದನ್ನು ತಿಂದುಹಾಕಿ, ಬೆಂಕಿ ಹಿಡಿಯುವ ಹೈಡ್ರೋಜನ್ ಅನಿಲ ಬಿಡುತ್ತದೆ. ತೋಟಕ್ಕೆ ಬೋರ್ಡೋ ಹೊಡೆಯುವ ಪಂಪನ್ನೂ ಇದಕ್ಕೆ ಬಳಸಬೇಡಿ. ಅದರ ಲೋಹದ ಭಾಗಗಳು ಹಾಳಾಗುತ್ತವೆ, ಜೊತೆಗೆ ಹನಿ ಗಾಳಿಗೆ ತೇಲಿ ಕಣ್ಣಿಗೆ ಬೀಳುತ್ತದೆ. ಉದ್ದ ಹಿಡಿಯ ನೈಲಾನ್ ಬ್ರಷ್ ಸಾಕು. ಒಂದು ಲೀಟರ್ ದ್ರಾವಣ ಸುಮಾರು 40 ಚದರಡಿಗೆ ಬರುತ್ತದೆ. 12 ಅಡಿಗೆ 16 ಅಡಿಯ ಡೆಕ್ ಅಂದರೆ 192 ಚದರಡಿ, ಒಂದು ಸುತ್ತಿಗೆ 5 ಲೀಟರ್. ಎರಡು ಸುತ್ತು ಬೇಕಾಗುವುದೇ ಹೆಚ್ಚು, ಆದ್ದರಿಂದ ಅರ್ಧ ಕೆ.ಜಿ. ಕಾಸ್ಟಿಕ್ ತಂದಿಟ್ಟುಕೊಳ್ಳಿ.

ಮೈಮೇಲೆ ಏನಿರಬೇಕು ಎಂಬುದು ಅಷ್ಟೇ ಮುಖ್ಯ. ಮೊಣಕೈವರೆಗಿನ ದಪ್ಪ ರಬ್ಬರ್ ಗ್ಲೌಸ್, ಕಣ್ಣನ್ನು ಪೂರ್ತಿ ಮುಚ್ಚುವ ಗಾಗಲ್, ತೋಟದ ಗಂಬೂಟು. ಪ್ಯಾಂಟ್ ಗಂಬೂಟಿನ ಹೊರಗೆ ಇಳಿಬಿದ್ದಿರಲಿ. ಒಳಗೆ ತುರುಕಿದರೆ ಮೇಲೆ ಬಿದ್ದ ದ್ರಾವಣ ನೇರ ಪಾದಕ್ಕೆ ಇಳಿದು ಅಲ್ಲೇ ನಿಲ್ಲುತ್ತದೆ. ಚರ್ಮಕ್ಕೆ ಕಾಸ್ಟಿಕ್ ತಾಗಿದ್ದು ಮೊದಲು ಉರಿಯುವುದಿಲ್ಲ, ಸೋಪಿನಂತೆ ಜಾರುತ್ತದೆ. ಜಾರಿತೆಂದರೆ ಚರ್ಮ ಕರಗಲು ಶುರುವಾಗಿದೆ ಎಂದು ಅರ್ಥ. ಆಗ ನಿಂಬೆ, ವಿನಿಗರ್, ಕಾಚಂಪುಳಿ ಏನನ್ನೂ ಹಚ್ಚಲು ಹೋಗಬೇಡಿ. ಹರಿಯುವ ನೀರಿನಲ್ಲಿ 20 ನಿಮಿಷ ತೊಳೆಯಿರಿ. ಕಣ್ಣಿಗೆ ಬಿದ್ದರೆ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಿ.

ಡೆಕ್ ಅಂಚಿನ ಕಾಫಿ ಗಿಡ, ಮೆಣಸಿನ ಬಳ್ಳಿ, ಆಂಥೂರಿಯಂ ಕುಂಡ, ಆರ್ಕಿಡ್ ಇವುಗಳನ್ನು ಸರಿಸಲಾಗುವಷ್ಟು ಸರಿಸಿ. ನೆಲದಲ್ಲಿರುವ ಗಿಡದ ಬುಡಕ್ಕೆ ಮೊದಲೇ ಚೆನ್ನಾಗಿ ನೀರು ಬಿಟ್ಟು, ಒದ್ದೆ ಗೋಣಿಚೀಲ ಹೊದಿಸಿ. ಪ್ಲಾಸ್ಟಿಕ್ ಹೊದಿಸಿದರೆ ಮಾರ್ಚ್ ಬಿಸಿಲಿಗೆ ಗಿಡ ಬೇಯುತ್ತದೆ. ಡೆಕ್ ಕೆಳಗೆ ತೋಡು ಅಥವಾ ಮೀನಿನ ಕೆರೆ ಇದ್ದರೆ ಕಾಸ್ಟಿಕ್ ಕೆಲಸವೇ ಬೇಡ, ಹೆರೆದು ಉಜ್ಜಿ ಮುಗಿಸಿ.

ಬೆಳಿಗ್ಗೆ ಹಲಗೆಗೆ ನೀರು ಚಿಮುಕಿಸಿ ತೇವ ಮಾಡಿ, ನೀರು ನಿಲ್ಲಬಾರದು. ಸುಮಾರು 50 ಚದರಡಿಯಷ್ಟು ಜಾಗಕ್ಕೆ ಮಾತ್ರ ದ್ರಾವಣ ಹಚ್ಚಿ 15 ನಿಮಿಷ ಬಿಡಿ. ಈ ಹೊತ್ತಿನಲ್ಲಿ ಅದು ಒಣಗಬಾರದು, ಒಣಗಿದ ಕಡೆ ಇನ್ನಷ್ಟು ಹಚ್ಚುತ್ತಿರಿ. ಒಣಗಿದ ಕಾಸ್ಟಿಕ್ ಕರಗಿದ ಬಣ್ಣವನ್ನು ಮತ್ತೆ ಮರಕ್ಕೇ ಅಂಟಿಸಿಬಿಡುತ್ತದೆ. ಐದಾರು ನಿಮಿಷಕ್ಕೆ ದ್ರಾವಣ ಕಷಾಯದ ಬಣ್ಣಕ್ಕೆ ತಿರುಗುತ್ತದೆ, ಬ್ರಷ್ ಆಡಿಸಿದರೆ ನೊರೆ ಏಳುತ್ತದೆ. ನೊರೆ ಕಂಡರೆ ಎಣ್ಣೆ ಸೋಪಾಗಿದೆ, ಕೆಲಸ ನಡೆಯುತ್ತಿದೆ. ಇಪ್ಪತ್ತು ನಿಮಿಷವಾದರೂ ದ್ರಾವಣ ತಿಳಿಯಾಗಿಯೇ ಉಳಿದು ನೊರೆಯೂ ಬರದಿದ್ದರೆ ಮೇಲಿರುವುದು ಎಣ್ಣೆಯದಲ್ಲ. ಕಾಸ್ಟಿಕ್ ಪ್ರಮಾಣ ಹೆಚ್ಚಿಸಲು ಹೋಗದೆ ನಿಲ್ಲಿಸಿ. ಪ್ರಮಾಣ ಹೆಚ್ಚಿಸಿದರೆ ಬಣ್ಣ ಅಲ್ಲೇ ಇರುತ್ತದೆ, ಕೆಳಗಿನ ಮರ ಕರಗುತ್ತದೆ. ರೇಲಿಂಗ್‌ನಂಥ ನಿಂತ ಮರಕ್ಕೆ ದ್ರಾವಣ ನಿಲ್ಲುವುದಿಲ್ಲ. ಲೀಟರಿಗೆ ಎರಡು ಮೂರು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಿನಲ್ಲಿ ಕಲಸಿ ಹಾಕಿದರೆ ಗಂಜಿಯಂತೆ ದಪ್ಪವಾಗಿ ಹಿಡಿದು ನಿಲ್ಲುತ್ತದೆ. ಯಾವಾಗಲೂ ರೇಲಿಂಗ್ ಮೊದಲು, ನೆಲ ಆಮೇಲೆ. ತಲೆಕೆಳಗು ಮಾಡಿದರೆ ಬಿಡಿಸಿದ ಹಲಗೆಯ ಮೇಲೆ ಕಪ್ಪು ಸೋರಿಕೆಯ ಪಟ್ಟೆ ಬೀಳುತ್ತದೆ.

ಮರದ ಎಳೆಯ ಉದ್ದಕ್ಕೂ ಗಟ್ಟಿ ನೈಲಾನ್ ಬ್ರಷ್‌ನಿಂದ ಉಜ್ಜಿ ತೊಳೆಯಿರಿ. ಇಲ್ಲಿ ತಂತಿ ಬ್ರಷ್ ಬಳಸುವ ಅಭ್ಯಾಸ ಬಹಳ ಕಡೆ ಇದೆ, ದಯವಿಟ್ಟು ಬಿಡಿ. ತಂತಿಯಿಂದ ಉದುರುವ ಕಬ್ಬಿಣದ ಚೂರು ಕಣ್ಣಿಗೆ ಕಾಣದಷ್ಟು ಸಣ್ಣದು, ಎಳೆಯೊಳಗೆ ಕೂತುಬಿಡುತ್ತದೆ. ತೇಗ, ಮತ್ತಿಯಂಥ ಮರದಲ್ಲಿರುವ ಟ್ಯಾನಿನ್ (ಒಗರಿನ ಅಂಶ) ಜೊತೆ ಕಬ್ಬಿಣ ಸೇರಿ, ಮೊದಲ ತೇವಕ್ಕೇ ಹಲಗೆ ತುಂಬಾ ನೀಲಿಗಪ್ಪು ಚುಕ್ಕೆ ಏಳುತ್ತದೆ. ಅಳಲೆಕಾಯಿಗೂ ಕಬ್ಬಿಣಕ್ಕೂ ಸೇರಿಸಿ ಹಿಂದೆ ಮಸಿ ಮಾಡುತ್ತಿದ್ದರಲ್ಲ, ಇದೂ ಅದೇ ಮಸಿ. ಸ್ಟೀಲ್ ಉಲ್‌ಗೂ ಈ ಮಾತು ಅನ್ವಯಿಸುತ್ತದೆ.

ಪ್ರೆಶರ್ ವಾಷರ್ ಇದ್ದರೆ ತೊಳೆಯಲು ಮಾತ್ರ ಬಳಸಿ, ಬಣ್ಣ ಕೀಳಲು ಅಲ್ಲ. ಕಾರು ತೊಳೆಯುವ ಯಂತ್ರಗಳು 100 ಬಾರ್ ದಾಟಿ ಒತ್ತಡ ಕೊಡುತ್ತವೆ. ಮೆತ್ತನೆಯ ಮರಕ್ಕೆ 40 ಬಾರ್, ಗಟ್ಟಿ ಮರಕ್ಕೆ 70 ಬಾರ್ ಮೀರಬಾರದು. 40 ಡಿಗ್ರಿ ಅಗಲಕ್ಕೆ ಹರಡುವ ನಾಜಲ್ ಹಾಕಿ, ಒಂದಡಿ ದೂರದಿಂದ, ಎಳೆಯ ದಿಕ್ಕಿನಲ್ಲಿ, ಎಲ್ಲೂ ನಿಲ್ಲಿಸದೆ ಸಾಗಿ. ಹತ್ತಿರ ಹಿಡಿದರೆ ಎಳೆಯ ನಡುವಿನ ಮೆತ್ತನೆ ಭಾಗ ಕೊಚ್ಚಿಹೋಗಿ ಹಲಗೆ ಉತ್ತ ಗದ್ದೆಯಂತಾಗುತ್ತದೆ. ಆಮೇಲೆ ಅದನ್ನು ಸಮ ಮಾಡಲು ಎರಡು ಮಿ.ಮೀ. ಮರ ಕೀಸಬೇಕಾಗುತ್ತದೆ. ಬರೀ ಹೋಸ್‌ಪೈಪ್, ಬ್ರಷ್ ಹಿಡಿದು ನಿಧಾನವಾಗಿ ತೊಳೆದ ಡೆಕ್‌ಗಳೇ ಕೊನೆಗೆ ಚೆನ್ನಾಗಿ ಬರುತ್ತವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಸ್ಟಿಕ್ ಬಿದ್ದ ತೇಗ ಕಪ್ಪಾಗುತ್ತದೆ, ಮತ್ತಿ ಇನ್ನೂ ಕಪ್ಪು. ನೋಡಿ ಗಾಬರಿಯಾಗುವುದು ಬೇಡ. ಟ್ಯಾನಿನ್ ಕ್ಷಾರಕ್ಕೆ ಹಾಗೆ ತಿರುಗುತ್ತದೆ, ಆಮ್ಲ ಹಾಕಿದರೆ ಬಣ್ಣ ಮರಳಿ ಬರುತ್ತದೆ. ಆ ಆಮ್ಲವೇ ಆಕ್ಸಾಲಿಕ್ ಆಸಿಡ್. ಬಿಳಿ ಹರಳಿನ ರೂಪದಲ್ಲಿ ಕೆಮಿಕಲ್ ಅಂಗಡಿಗಳಲ್ಲಿ ಸಿಗುತ್ತದೆ. ಲೀಟರ್ ಬಿಸಿನೀರಿಗೆ 60ರಿಂದ 80 ಗ್ರಾಂ, ಮೇಲೆ ಹೇಳಿದ 192 ಚದರಡಿಗೆ ಅರ್ಧ ಕೆ.ಜಿ.ಯೊಳಗೆ ಮುಗಿಯುತ್ತದೆ. ಆದರೆ ಮೊದಲು ಕಾಸ್ಟಿಕ್ ಪೂರ್ತಿ ತೊಳೆದುಹೋಗಿರಬೇಕು. ಉಳಿದಿದ್ದರೆ ಎರಡೂ ಸೇರಿ ಸೋಡಿಯಂ ಆಕ್ಸಲೇಟ್ ಎಂಬ ಬಿಳಿ ಹರಳಾಗಿ ಎಳೆಯಲ್ಲಿ ಕೂರುತ್ತದೆ. ಗಡಸು ಬೋರ್‌ವೆಲ್ ನೀರಿನಲ್ಲೂ ಇಂಥದೇ ಬಿಳಿ ಪುಡಿ ಬರುತ್ತದೆ, ಅದು ಕ್ಯಾಲ್ಸಿಯಂನಿಂದ. ಸಾಧ್ಯವಾದರೆ ತೆರೆದ ಬಾವಿಯ ಅಥವಾ ತೋಡಿನ ಮೆದು ನೀರನ್ನು ತಂದು ಬಳಸಿ.

ದ್ರಾವಣ ಹಚ್ಚಿ 15ರಿಂದ 20 ನಿಮಿಷ ಬಿಟ್ಟರೆ ಕಣ್ಣೆದುರೇ ಹಲಗೆ ತಿಳಿಯಾಗುತ್ತದೆ. ಕಪ್ಪು ಹೋಗಿ ಮರದ ಜೇನುಬಣ್ಣ ಮೂಡುವ ಆ ಹದಿನೈದು ನಿಮಿಷಕ್ಕೆ ಇಡೀ ಕೆಲಸದ ದಣಿವು ಮರೆತುಹೋಗುತ್ತದೆ. ಮೊಳೆಯ ಸುತ್ತಲಿನ ನೀಲಿ ಕಲೆಗೂ ಇದೇ ಮದ್ದು, ಎರಡನೇ ಸಲ ಹಚ್ಚಬೇಕಾಗಬಹುದು. ಆದರೆ ಆ ಕಬ್ಬಿಣದ ಮೊಳೆಯನ್ನು ಅಲ್ಲೇ ಬಿಟ್ಟರೆ ಬರುವ ಮಳೆಗೆ ಕಲೆ ಮತ್ತೆ ಹಾಜರ್. ಕಿತ್ತು 304 ದರ್ಜೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ಆಕ್ಸಾಲಿಕ್ ವಿಷ. ಮಕ್ಕಳ, ನಾಯಿಯ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಕೊನೆಗೆ ಎರಡು ಸಲ ತೊಳೆಯಿರಿ, ಇಲ್ಲದಿದ್ದರೆ ಸ್ಯಾಂಡಿಂಗ್ (ಮರಳುಕಾಗದದಿಂದ ಉಜ್ಜುವುದು) ಮಾಡುವಾಗ ಅದರ ಧೂಳು ಮೂಗು, ಗಂಟಲು ಸುಡುತ್ತದೆ.

ಕಾಸ್ಟಿಕ್ ಪೂರ್ತಿ ಹೋಗಿದೆಯೇ ಎಂದು ನೋಡಲು ಲಿಟ್ಮಸ್ ಹುಡುಕಿಕೊಂಡು ಹೋಗಬೇಕಿಲ್ಲ. ಅರಿಶಿನ ಪುಡಿಯನ್ನು ಸ್ವಲ್ಪ ಸ್ಪಿರಿಟ್‌ನಲ್ಲಿ ಕಲಸಿ ಬಿಳಿ ಕಾಗದದ ಪಟ್ಟಿಗೆ ಸವರಿ ಒಣಗಿಸಿಡಿ. ತೊಳೆದ ಒದ್ದೆ ಹಲಗೆಯ ಮೇಲೆ ಒತ್ತಿದಾಗ ಪಟ್ಟಿ ಹಳದಿಯಾಗಿಯೇ ಉಳಿದರೆ ಸರಿ. ಕುಂಕುಮದಂತೆ ಕೆಂಪಾದರೆ ಕ್ಷಾರ ಇನ್ನೂ ಇದೆ, ಮತ್ತೆ ತೊಳೆಯಬೇಕು. ಸುಣ್ಣ ತಾಗಿದ ಅರಿಶಿನ ಕೆಂಪಾಗುವುದು ಗೊತ್ತಿರುವ ಯಾರಿಗೂ ಈ ಪರೀಕ್ಷೆ ಹೊಸದೆನಿಸದು. ಸಂದಿಯ ಅಂಚು, ಹಲಗೆಯ ತುದಿ, ಸ್ಕ್ರೂ ತೂತು ಇವುಗಳಲ್ಲೇ ಕ್ಷಾರ ಅಡಗಿರುತ್ತದೆ, ಅಲ್ಲಿ ಒತ್ತಿ ನೋಡಿ. ಕ್ಷಾರ ಉಳಿದ ಜಾಗದಲ್ಲಿ ಹೊಸ ಎಣ್ಣೆ ಸ್ಟೇನ್ ಒಣಗದೆ ಅಂಟಂಟಾಗಿ ನಿಲ್ಲುತ್ತದೆ, ಕಾರಣ ಗೊತ್ತಾಗದೆ ಡಬ್ಬಿಯನ್ನು ಬೈಯುತ್ತೇವೆ.

ಪಾಚಿಗೆ ಬ್ಲೀಚಿಂಗ್ ಹಾಕಿ ತೊಳೆಯುವ ಅಭ್ಯಾಸ ಎಲ್ಲ ಮನೆಯಲ್ಲೂ ಇದೆ. ಬ್ಲೀಚಿಂಗ್ ಹಾಕಿದ ದಿನ ಆಕ್ಸಾಲಿಕ್ ಮುಟ್ಟಬೇಡಿ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಬಯಲಿನಲ್ಲೂ ಅಪಾಯ. ಬ್ಲೀಚಿಂಗ್ ಪಾಚಿಯನ್ನು ಕೊಲ್ಲುವ ಜೊತೆಗೆ ಮರದ ನಾರನ್ನೂ ತಿನ್ನುತ್ತದೆ. ಅದರ ಬದಲು ಸೋಡಿಯಂ ಪರ್‌ಕಾರ್ಬೊನೇಟ್ ಪುಡಿ ಲೀಟರ್ ಉಗುರುಬೆಚ್ಚಗಿನ ನೀರಿಗೆ 80 ಗ್ರಾಂ ಹಾಕಿ ಹಚ್ಚಿದರೆ ಪಾಚಿ, ಬೂದಿಬಣ್ಣ ಎರಡೂ ಹೋಗುತ್ತವೆ. ಕಲಸಿದ್ದನ್ನು ಅಂದೇ ಬಳಸಿ, ಮುಚ್ಚಳ ಬಿಗಿದು ಇಟ್ಟರೆ ಡಬ್ಬಿ ಉಬ್ಬಿ ಸಿಡಿಯುತ್ತದೆ. ಮೇಲೆ ಸ್ಟೇನೇ ಉಳಿಯದೆ ಬರೀ ಬೂದಿಯಾದ ಡೆಕ್‌ಗೆ ಕಾಸ್ಟಿಕ್ ಬೇಡ, ಇದೊಂದೇ ಸಾಕು. ಇದೂ ಕ್ಷಾರವೇ, ಆದ್ದರಿಂದ ತೊಳೆದ ಮೇಲೆ ಆಕ್ಸಾಲಿಕ್ ಬೇಕು.

ಪಿಯು ಮತ್ತು ಅಕ್ರಿಲಿಕ್‌ನ ಮಾತು ಬೇರೆ. ಹಾರ್ಡ್‌ವೇರ್ ಅಂಗಡಿಯ ಪೇಂಟ್ ರಿಮೂವರ್‌ಗಳಲ್ಲಿ ಬಹುಪಾಲು ಮೆಥಿಲೀನ್ ಕ್ಲೋರೈಡ್ ಇರುವಂಥವು. ಅದು 40 ಡಿಗ್ರಿಗೇ ಕುದಿಯುವ ದ್ರವ. ಬಿಸಿಲಲ್ಲಿಟ್ಟ ಡಬ್ಬಿಯ ಮುಚ್ಚಳ ತೆಗೆದರೆ ಬುಸ್ಸೆಂದು ಚಿಮ್ಮುತ್ತದೆ, ಮೇಲೆ ಬಟ್ಟೆ ಹಾಕಿ ನಿಧಾನ ತಿರುವಿ. ಅದರ ಆವಿ ದೇಹದೊಳಗೆ ಹೋಗಿ ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಹೃದಯದ ತೊಂದರೆ ಇರುವವರು ಹತ್ತಿರವೂ ಸುಳಿಯಬಾರದು. ಧೂಳಿಗೆ ಹಾಕುವ ಎನ್95 ಮಾಸ್ಕ್ ಈ ಆವಿಯನ್ನು ಸ್ವಲ್ಪವೂ ತಡೆಯುವುದಿಲ್ಲ. ಗಾಳಿಯಾಡುವ ಬಯಲಿನಲ್ಲಿ, ಗಾಳಿಗೆ ಬೆನ್ನು ಕೊಟ್ಟು ಕೆಲಸ ಮಾಡಿ. ಮುಚ್ಚಿದ ವರಾಂಡದಲ್ಲಿ ಬೇಡ. ದಪ್ಪಗೆ ಒಂದೇ ದಿಕ್ಕಿನಲ್ಲಿ ಬಳಿದು, ಮೇಲೆ ಪಾಲಿಥೀನ್ ಹಾಳೆ ಮುಚ್ಚಿ 15 ನಿಮಿಷ ಬಿಟ್ಟರೆ ಆವಿಯಾಗದೆ ಪೂರ್ತಿ ಕೆಲಸ ಮಾಡುತ್ತದೆ. ಬಣ್ಣ ಸುಕ್ಕಾಗಿ ಎದ್ದ ಮೇಲೆ ಮೊಂಡು ಪುಟ್ಟಿ ಬ್ಲೇಡಿನಿಂದ ಸರಿಸಿ. ಇದರಲ್ಲಿ ಮೇಣ ಬೆರೆಸಿರುತ್ತಾರೆ, ಅದು ಮರದ ಮೇಲೆ ಉಳಿಯುತ್ತದೆ. ಥಿನ್ನರ್ ಬಟ್ಟೆಯಿಂದ ಎರಡು ಸಲ ಒರೆಸದಿದ್ದರೆ ಹೊಸ ಸ್ಟೇನ್ ಆ ಮೇಣದ ಮೇಲೆ ಮೀನಿನ ಕಣ್ಣಿನಂತೆ ಗುಂಡಗೆ ಬಿಟ್ಟುಬಿಟ್ಟು ನಿಲ್ಲುತ್ತದೆ. ಎರಡು ಡಬ್ಬಿಯ ಪಿಯು ಇದಕ್ಕೂ ಪೂರ್ತಿ ಬಗ್ಗದಿದ್ದರೆ ಹೆರೆಯುವುದೇ ಸರಿ. ಕಾರ್ಬೈಡ್ ಅಲಗಿನ ಸ್ಕ್ರೇಪರನ್ನು ಎರಡು ಕೈಯಲ್ಲಿ ಹಿಡಿದು ಎಳೆಯ ದಿಕ್ಕಿಗೆ ನಿಮ್ಮ ಕಡೆ ಎಳೆಯಿರಿ. ರೇಲಿಂಗ್‌ನ ಗುಂಡನೆ ಕಂಬಕ್ಕೆ ಹಿಂದೆ ಆಚಾರಿಗಳು ಒಡೆದ ಗಾಜಿನ ಅಂಚಿನಿಂದ ಹೆರೆಯುತ್ತಿದ್ದರು. ದಪ್ಪ ಗ್ಲೌಸ್ ಹಾಕಿ ಈಗಲೂ ಮಾಡಬಹುದು, ಅಷ್ಟು ನಯ ಬೇರಾವುದರಲ್ಲೂ ಬರುವುದಿಲ್ಲ.

ಹಳೇ ಎನಾಮಲ್ ಇದ್ದರೆ ಸೀಸದ ವಿಷಯ ನೆನಪಿರಲಿ. ಮನೆಗೆ ಹಚ್ಚುವ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷಕ್ಕೆ 90 ಭಾಗ) ಮೀರಬಾರದೆಂಬ ನಿಯಮವನ್ನು ಕೇಂದ್ರ ಸರ್ಕಾರ ಹೊರಡಿಸಿದ್ದು 2016ರಲ್ಲಿ, ಜಾರಿಗೆ ಬಂದದ್ದು 2017ರ ನವೆಂಬರ್‌ನಲ್ಲಿ. ಅದಕ್ಕೂ ಹಿಂದಿನ ಹಸಿರು, ಹಳದಿ, ಕೆಂಪು ಎನಾಮಲ್‌ನಲ್ಲಿ ಸೀಸ ಇದೆ ಎಂದೇ ಭಾವಿಸಿ. ಅದನ್ನು ಒಣದಾಗಿ ಉಜ್ಜಬೇಡಿ, ನೀರು ಚಿಮುಕಿಸುತ್ತಾ ಹೆರೆಯಿರಿ. ಕೆಳಗೆ ಟಾರ್ಪಾಲ್ ಹಾಸಿ ಚೂರೆಲ್ಲ ಒಟ್ಟು ಮಾಡಿ. ಆ ಚೂರನ್ನು, ಹಳೇ ಹಲಗೆಯ ತುಂಡನ್ನು ಬಚ್ಚಲ ಹಂಡೆಯ ಒಲೆಗೆ ಹಾಕುವುದು ನಮ್ಮಲ್ಲಿ ಸಹಜವಾಗಿ ಆಗಿಬಿಡುತ್ತದೆ, ಅದು ಆಗಕೂಡದು. ಸೀಸದ ಹೊಗೆ ಮನೆಯೊಳಗೆ, ಬೂದಿ ತರಕಾರಿ ಮಡಿಗೆ. ಹಸಿರು ಛಾಯೆಯ ಟ್ರೀಟೆಡ್ ಪೈನ್‌ಗೂ ಇದೇ ಎಚ್ಚರಿಕೆ, ಅದರಲ್ಲಿ ತಾಮ್ರ, ಕೆಲವದರಲ್ಲಿ ಆರ್ಸೆನಿಕ್ ಇರುತ್ತದೆ.

ಐನ್‌ಮನೆಗಳ (ಕೊಡವ ಕುಟುಂಬಗಳ ಮೂಲ ಮನೆಗಳ) ಬಗ್ಗೆ ಒಂದು ಮಾತು ಹೇಳಲೇಬೇಕು. ಜಗಲಿಯ ಕಂಬಗಳ ನಡುವೆ ಕೂರಲು ಇರುವ ಹಲಗೆ, ಅಂದರೆ ಐಮರದ ಮೇಲೆ ಇಲ್ಲಿ ಹೇಳಿದ ಯಾವುದನ್ನೂ ಪ್ರಯೋಗಿಸಬೇಡಿ. ತಲೆಮಾರುಗಳು ಕೂತು ಎದ್ದು ಬಂದ ಆ ಹೊಳಪು ಯಾವ ಪಾಲಿಶ್‌ನಿಂದಲೂ ಬರದು, ಕಾಸ್ಟಿಕ್ ಅದನ್ನು ಕಾಲು ಗಂಟೆಯಲ್ಲಿ ತಿಂದುಹಾಕುತ್ತದೆ. ಕೆತ್ತನೆಯ ಕಂಬದ ಬೆಸುಗೆಗಳಿಗೆ ಇಳಿದ ಕ್ಷಾರವನ್ನು ಹೊರತೆಗೆಯುವ ದಾರಿಯೂ ಇಲ್ಲ. ಮೆದು ಸೋಪಿನ ನೀರಲ್ಲಿ ಹಿಂಡಿದ ಬಟ್ಟೆಯಿಂದ ಒರೆಸಿ ಒಣಗಿಸಿದರೆ ಅದಕ್ಕೆ ಅಷ್ಟೇ ಸಾಕು. ಯಾರೋ ಈಚೆಗೆ ವಾರ್ನಿಷ್ ಬಳಿದಿದ್ದರೆ ಗಾಜಿನ ಅಂಚಿನಿಂದ ವಾರ್ನಿಷ್ ಮಾತ್ರ ಹೆರೆದು ನಿಲ್ಲಿಸಿ.

ಡೆಕ್‌ಗೆ ಮರಳೋಣ. ತೊಳೆದ ಮೇಲೆ ಹಲಗೆಯ ಮೈ ಹತ್ತಿಯಂತೆ ನಾರು ನಾರಾಗಿ ಎದ್ದಿರುತ್ತದೆ. ಪೂರ್ತಿ ಒಣಗದೆ ಸ್ಯಾಂಡಿಂಗ್ ಮಾಡಿದರೆ ನಾರು ಕತ್ತರಿಸುವುದಿಲ್ಲ, ಮಡಚಿಕೊಳ್ಳುತ್ತದೆ, ಪೇಪರ್ ಕಟ್ಟಿಕೊಳ್ಳುತ್ತದೆ. ಒಣಗಿದ ಮೇಲೆ ಸ್ಕ್ರೂ ತಲೆಗಳನ್ನೆಲ್ಲ ಎರಡು ಮೂರು ಮಿ.ಮೀ. ಒಳಗೆ ಇಳಿಸಿ. ಆರ್ಬಿಟಲ್ ಸ್ಯಾಂಡರ್‌ಗೆ 60 ನಂಬರ್ ಪೇಪರ್ ಹಾಕಿ ಒಂದು ಸುತ್ತು, 80ರಲ್ಲಿ ಒಂದು ಸುತ್ತು, ಅಲ್ಲಿಗೆ ನಿಲ್ಲಿಸಿ. ಮೇಜಿನಂತೆ ನುಣುಪು ಮಾಡಲು 180, 220ರವರೆಗೆ ಹೋಗುವ ಮೇಸ್ತ್ರಿಗಳಿದ್ದಾರೆ. ನೋಡಲು ಚಂದ, ಆದರೆ ಮರದ ರಂಧ್ರ ಮುಚ್ಚಿಹೋಗಿ ಸ್ಟೇನ್ ಒಳಗಿಳಿಯುವುದಿಲ್ಲ. ಕೈ ಹಿಡಿಯುವ ರೇಲಿಂಗ್‌ಗೆ ಮಾತ್ರ 120. ಹಲಗೆಯ ತುದಿಯ ಅಡ್ಡಕೊಯ್ತವನ್ನೂ 120ರಲ್ಲಿ ಉಜ್ಜಿ, ಅದು ಬಣ್ಣ ಹೆಚ್ಚು ಹೀರಿ ಕಪ್ಪಾಗುವುದು ಕಡಿಮೆಯಾಗುತ್ತದೆ. ಗ್ರೈಂಡರ್‌ಗೆ ಡಿಸ್ಕ್ ಹಾಕಿ ಉಜ್ಜಿದರೆ ಅರ್ಧಚಂದ್ರದ ಗುರುತು ಬೀಳುತ್ತದೆ. ಒಣ ಮರದಲ್ಲಿ ಕಾಣದ ಆ ಗುರುತು ಸ್ಟೇನ್ ಹಚ್ಚಿದ ಕೂಡಲೇ ಎದ್ದು ಕಾಣುತ್ತದೆ.

ಒಣಗಿದೆ ಎಂದು ಹೇಳುವುದು ಹೇಗೆ? ಕೈಗೆ ಒಣಗಿದಂತೆ ಅನಿಸಿದರೆ ಸಾಲದು. ಎರಡು ಮುಳ್ಳಿನ ಮಾಯಿಶ್ಚರ್ ಮೀಟರ್ ಒಂದನ್ನು ಕೊಂಡರೆ ಒಳ್ಳೆಯದು. ನೆರಳಿನ ಬದಿ, ಗೋಡೆಯ ಪಕ್ಕ, ಮೆಟ್ಟಿಲು, ಹೀಗೆ ಏಳೆಂಟು ಕಡೆ ಚುಚ್ಚಿ ನೋಡಿ, ಎಲ್ಲ ಕಡೆಯೂ 15 ಶೇಕಡದೊಳಗೆ ಬರಬೇಕು. ಬಿಸಿಲಿನ ಹಲಗೆ 12 ತೋರಿಸಿ ನೆರಳಿನದು 19 ತೋರಿಸುವುದು ಸಾಮಾನ್ಯ, ಕಾಯಬೇಕಾದದ್ದು ನೆರಳಿನದಕ್ಕೆ. ಐದು ದಿನ ಬಿಸಿಲು ಬಿದ್ದ ಮೇಲೂ ಒಂದೇ ಜಾಗ 20ರ ಮೇಲೆ ತೋರಿಸುತ್ತಿದ್ದರೆ ಅಲ್ಲಿ ತೊಳೆಯದೆ ಉಳಿದ ಉಪ್ಪು ಇರಬಹುದು. ಉಪ್ಪು ವಿದ್ಯುತ್ ಹರಿಸುವುದರಿಂದ ಮೀಟರ್ ಸುಳ್ಳು ಹೇಳುತ್ತದೆ. ಆ ಜಾಗವನ್ನು ಒದ್ದೆ ಮಾಡಿ ಅರಿಶಿನ ಪಟ್ಟಿ ಒತ್ತಿ ನೋಡಿ. ಮೀಟರ್ ಇಲ್ಲದವರು ಸಂಜೆ ಒಂದಡಿ ಚೌಕದ ಪಾಲಿಥೀನ್ ಹಾಳೆಯನ್ನು ನಾಲ್ಕೂ ಬದಿ ಟೇಪ್ ಹಾಕಿ ಅಂಟಿಸಿ ಬೆಳಿಗ್ಗೆ ನೋಡಿ. ಒಳಬದಿಯಲ್ಲಿ ಹನಿ ಕಟ್ಟಿದ್ದರೆ ಇನ್ನೂ ಎರಡು ದಿನ ಬೇಕು.

ಉಜ್ಜಿದ ಮರವನ್ನು ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಬಿಸಿಲು ಮತ್ತೆ ನಾರನ್ನು ಸುಡುತ್ತದೆ, ಒಂದು ವಾರದೊಳಗೆ ಮೊದಲ ಕೋಟ್ ಬೀಳಲಿ. ಹಚ್ಚುವ ದಿನ ತೇಗಕ್ಕೆ ಥಿನ್ನರ್ ಬಟ್ಟೆಯಿಂದ ಒಮ್ಮೆ ಒರೆಸಿ, ಅದರ ಸ್ವಂತ ಎಣ್ಣೆ ಮೇಲೆ ಬಂದಿರುತ್ತದೆ. ಐದಾರು ಹನಿ ನೀರು ಹಾಕಿ ನೋಡಿ, ಒಂದು ನಿಮಿಷದೊಳಗೆ ಎಲ್ಲ ಕಡೆಯೂ ಒಂದೇ ಸಮ ಹೀರಿಕೊಂಡರೆ ಮರ ತಯಾರಾಗಿದೆ. ಎಲ್ಲೋ ಒಂದೆಡೆ ಮಣಿಯಂತೆ ನಿಂತರೆ ಅಲ್ಲಿ ಹಳೇ ಸ್ಟೇನ್ ಉಳಿದಿದೆ, ಆ ಹಲಗೆಯನ್ನು ಮತ್ತೆ ಉಜ್ಜಿ. ಬರೀ ಅಗಸೆ ಎಣ್ಣೆ ಹಚ್ಚುವ ಯೋಚನೆ ಇದ್ದರೆ ಮಡಿಕೇರಿ ಕಡೆ ಅದು ಬೇಡ. ಬೂಷ್ಟಿಗೆ ಅದು ಆಹಾರ, ಆಗಸ್ಟ್ ಹೊತ್ತಿಗೆ ಡೆಕ್ ಕಪ್ಪಾಗಿರುತ್ತದೆ. ಬಣ್ಣದ ಅಂಶವಿರುವ, ಬೂಷ್ಟು ತಡೆಯುವ, ಒಳಗಿಳಿಯುವ ಸ್ಟೇನ್ ಆರಿಸಿ, ತೆಳುವಾಗಿ ಹಚ್ಚಿ, 15 ನಿಮಿಷದ ಮೇಲೆ ಹೀರದೆ ಉಳಿದದ್ದನ್ನೆಲ್ಲ ಬಟ್ಟೆಯಿಂದ ಒರೆಸಿ. ಒರೆಸಿದ ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವ ಎಣ್ಣೆ ತಾನೇ ಬಿಸಿಯಾಗಿ, ಯಾರೂ ಕಡ್ಡಿ ಗೀರದೆ ರಾತ್ರಿ ಹೊತ್ತು ಹೊತ್ತಿಕೊಳ್ಳುತ್ತದೆ. ಅಂದೇ ಸಂಜೆ ನೀರು ತುಂಬಿದ ಬಕೆಟ್‌ಗೆ ಮುಳುಗಿಸಿ, ಮರುದಿನ ಬಯಲಲ್ಲಿ ಒಂದೊಂದಾಗಿ ಬಿಡಿಸಿ ಹರಡಿ ಒಣಗಿಸಿ.